ಮನೆಯ ಹಿರಿಯರನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋದರೆ, ಜೊತೆಗಿರುವವರು ಮಾಡಬೇಕಾದ್ದು

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಯಾವತ್ತೋ ಒಂದು ಅಪರಾತ್ರಿ ಆಸ್ಪತ್ರೆಗೆ ಓಡುವುದು ಇದ್ದದ್ದೇ. ಎಲ್ಲಿಗೆ ಹೋಗಬೇಕು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೈಸೂರಾದರೆ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಎದೆನೋವಾದರೆ ಜಯದೇವ, ಮಂಡ್ಯವಾದರೆ ಮಿಮ್ಸ್, ಇಲ್ಲವಾದರೆ ಬೀದಿ ಕೊನೆಯ ನರ್ಸಿಂಗ್ ಹೋಂ. ಒಳಗೆ ಹೋದ ಮೇಲೆ ಮೊದಲ ನಾಲ್ಕೈದು ಗಂಟೆ ಜೊತೆಗೆ ಬಂದವರು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬಿಲ್ ಕಟ್ಟಿ ಬನ್ನಿ, ರಕ್ತ ಲ್ಯಾಬಿಗೆ ಕೊಟ್ಟು ಬನ್ನಿ, ಹೊರಗೆ ನಿಂತಿರಿ, ಇಷ್ಟೇ. ನಾನು ಮೈಸೂರಿನ ಒಂದು ಕ್ಯಾಶುವಾಲ್ಟಿಯಲ್ಲಿ ನರ್ಸ್. ಒಳಗಿನಿಂದ ನೋಡಿ ಗೊತ್ತಾಗಿರುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ದಾಗಲೇ ಓದಿಕೊಂಡಿರಿ, ಓಡುವ ಹೊತ್ತಿನಲ್ಲಿ ಓದುವುದಕ್ಕೆ ಆಗುವುದಿಲ್ಲ, ಅಲ್ವಾ?

ಮೂವತ್ತರ ಹುಡುಗ ಬೈಕಿನಿಂದ ಬಿದ್ದು ಬಂದರೆ ಎಲ್ಲಿ ಏಟಾಗಿದೆ ಅಂತ ನೋಡಿದರೆ ಬಹುಪಾಲು ಕೆಲಸ ಮುಗಿಯಿತು. ಎಂಬತ್ತರ ಅಜ್ಜಿ ಬಚ್ಚಲಲ್ಲಿ ಬಿದ್ದು ಬಂದರೆ ಹಾಗಲ್ಲ. ಸೊಂಟದ ಎಕ್ಸ್‌ರೇ ತೆಗೆಸಬೇಕು, ಸರಿ. ಆದರೆ ಅಜ್ಜಿ ಬಿದ್ದಿದ್ದಾದರೂ ಯಾಕೆ? ಕಾಲು ಜಾರಿತಾ, ತಲೆ ಸುತ್ತಿತಾ? ಹೋದ ವಾರ ಹೊಸದಾಗಿ ಕೊಟ್ಟ ಬಿಪಿ ಮಾತ್ರೆಯಿಂದ ಎದ್ದು ನಿಂತಾಗ ಬಿಪಿ ಬಿತ್ತಾ? ಶುಗರ್ ಇಳಿದಿತ್ತಾ, ರಕ್ತದಲ್ಲಿ ಸೋಡಿಯಂ ಅನ್ನುವ ಉಪ್ಪಿನಂಶ ಕಮ್ಮಿ ಆಗಿತ್ತಾ, ಮೂತ್ರದ ಸೋಂಕಿತ್ತಾ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ತಲೆಗೆ ಬಿದ್ದ ಸಣ್ಣ ಏಟಿಗೂ ಸಿಟಿ ಸ್ಕ್ಯಾನ್ ಬೇಕಾಗಬಹುದು. ಎಕ್ಸ್‌ರೇ ಸರಿ ಇದೆ ಅಂತ ಮನೆಗೆ ಕಳಿಸಿದರೆ ನಾಳೆ ಅದೇ ಬಚ್ಚಲಲ್ಲಿ ಮತ್ತೆ ಬೀಳುವುದಿಲ್ಲ ಅನ್ನುವುದಕ್ಕೆ ಏನು ಗ್ಯಾರಂಟಿ? ಪಕ್ಕದ ಬೆಡ್ಡಿನಲ್ಲಿ ಹಾರ್ಟ್ ಅಟ್ಯಾಕ್, ಆಚೆ ಬೆಡ್ಡಿನಲ್ಲಿ ವಿಷ ಕುಡಿದವರು ಇರುವಾಗ ಒಬ್ಬ ಡ್ಯೂಟಿ ಡಾಕ್ಟರ್ ಇಷ್ಟನ್ನೂ ಕೂತು ವಿಚಾರಿಸಲಿ ಅಂದರೆ ಆಗುವ ಮಾತಲ್ಲ. ಇದಕ್ಕೆ ನಾಲ್ಕೈದು ಜನ ಬೇಕು.

ಅಮೆರಿಕದಲ್ಲಿ ಇದನ್ನು ಒಂದು ವ್ಯವಸ್ಥೆಯಾಗಿಯೇ ಮಾಡಿಕೊಂಡಿದ್ದಾರೆ. 2008ರಲ್ಲಿ ಮೇರಿಲ್ಯಾಂಡ್ ರಾಜ್ಯದ ಹೋಲಿ ಕ್ರಾಸ್ ಆಸ್ಪತ್ರೆ ಹಿರಿಯರಿಗೆ ಅಂತಲೇ ಬೇರೆ ಎಮರ್ಜೆನ್ಸಿ ವಿಭಾಗ ತೆರೆಯಿತು. 2014ರಲ್ಲಿ ಅಲ್ಲಿನ ಎಮರ್ಜೆನ್ಸಿ ಡಾಕ್ಟರ್‌ಗಳು, ನರ್ಸ್‌ಗಳು, ಹಿರಿಯರ ಚಿಕಿತ್ಸೆಯ ತಜ್ಞರು, ಇವರ ಸಂಘಗಳು ಸೇರಿ ಇಂಥ ವಿಭಾಗ ಹೇಗಿರಬೇಕು ಅಂತ ಮಾರ್ಗಸೂಚಿ ತಂದವು. 2018ರಿಂದ ಆಸ್ಪತ್ರೆಗಳಿಗೆ ಚಿನ್ನ, ಬೆಳ್ಳಿ, ಕಂಚು ಅಂತ ಮೂರು ದರ್ಜೆಯ ಮಾನ್ಯತೆಯನ್ನೂ ಕೊಡುತ್ತಿದ್ದಾರೆ. ಜಾರದ ನೆಲ, ದಪ್ಪ ಹಾಸಿಗೆ, ದೊಡ್ಡ ಗಡಿಯಾರ ಇವೆಲ್ಲ ಇವೆ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಸೋಷಿಯಲ್ ವರ್ಕರ್ ಒಬ್ಬೊಬ್ಬರೂ ತಮ್ಮ ತಮ್ಮ ಕಡೆಯಿಂದ ಒಬ್ಬರೇ ಅಜ್ಜಿಯನ್ನು ನೋಡುತ್ತಾರೆ, ಅವರೆಲ್ಲ ಹೇಳಿದ್ದನ್ನು ಒಟ್ಟುಗೂಡಿಸುವುದಕ್ಕೆ ತರಬೇತಿ ಪಡೆದ ಒಬ್ಬ ನರ್ಸ್ ಇರುತ್ತಾರೆ.

ನಮ್ಮಲ್ಲಿ 2010-11ರಲ್ಲಿ ಹಿರಿಯರ ಆರೋಗ್ಯಕ್ಕೆ ಅಂತ ಕೇಂದ್ರದ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಓಪಿಡಿ, ಹತ್ತು ಬೆಡ್ಡಿನ ವಾರ್ಡ್ ಅದರ ಲೆಕ್ಕದಲ್ಲಿ ಬರುತ್ತವೆ. ಓಪಿಡಿ, ವಾರ್ಡ್ ಸರಿ, ಆದರೆ ರಾತ್ರಿ ಹನ್ನೊಂದಕ್ಕೆ ಕ್ಯಾಶುವಾಲ್ಟಿ ಬಾಗಿಲಿಗೆ ಬಂದವರಿಗೆ? ಫಾರ್ಮಸಿಸ್ಟ್ ಇದ್ದಾರೆ, ಫಿಸಿಯೋ ಇದ್ದಾರೆ, ಸೋಷಿಯಲ್ ವರ್ಕರ್ ಇದ್ದಾರೆ, ಎಲ್ಲರೂ ಅದೇ ಕಟ್ಟಡದಲ್ಲಿ. ಅವರನ್ನು ಒಬ್ಬ ರೋಗಿಯ ಸುತ್ತ ಸೇರಿಸುವವರು ಇಲ್ಲ. ಹಾಗಾಗಿ ಆ ಕೆಲಸ ಜೊತೆಗೆ ಬಂದ ಮಗ, ಸೊಸೆ, ಮೊಮ್ಮಗಳ ತಲೆ ಮೇಲೆ ಬೀಳುತ್ತದೆ. ನಿಮ್ಮ ಮೇಲೆ ಬೀಳಬಾರದಿತ್ತು, ನಿಜ. ಬಿದ್ದಿದೆ, ಹೇಗೆ ಮಾಡುವುದು ನೋಡೋಣ.

ಮನೆ ಬಿಡುವ ಮೊದಲು

ಹಳೇ ಫೈಲ್ ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ. ಉಸಿರಾಟದ ತೊಂದರೆ, ಎದೆ ಹಿಡಿದುಕೊಂಡಿದ್ದು, ಬಾಯಿ ಸೊಟ್ಟಗಾಗಿದ್ದು, ಮಾತು ತೊದಲಿದ್ದು, ಕೈಕಾಲು ಬಿದ್ದಿದ್ದು, ಎಬ್ಬಿಸಿದರೂ ಏಳದೇ ಇರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ಉಳಿದದ್ದು.

ಒಂದು ಕವರ್ ತಗೊಳ್ಳಿ. ಮನೆಯಲ್ಲಿ ಅವರು ನುಂಗುವ ಎಲ್ಲಾ ಮಾತ್ರೆಯ ಸ್ಟ್ರಿಪ್‌ಗಳನ್ನು ಅದಕ್ಕೆ ತುಂಬಿ. ಚೀಟಿ ಸಾಲದು, ಮಾತ್ರೆಗಳೇ ಬೇಕು. ಚೀಟಿಯಲ್ಲಿ ಬರೆದಿರುವುದು ಒಂದು, ಡಬ್ಬಿಯಲ್ಲಿರುವುದು ಇನ್ನೊಂದು ಆಗಿರುತ್ತದೆ. ಮೆಡಿಕಲ್ ಸ್ಟೋರಿನವರು ಕೊಟ್ಟ ಮಂಡಿನೋವಿನ ಮಾತ್ರೆ, ಹಳ್ಳಿಯ ಡಾಕ್ಟರ್ ಪೊಟ್ಟಣ ಕಟ್ಟಿ ಕೊಟ್ಟಿದ್ದು, ನಾಟಿ ಔಷಧಿ, ಲೇಹ್ಯ, ಎಲ್ಲವೂ. ಮಂಡಿನೋವಿಗೆ ಕೊಡುವ ಕೆಲವು ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ನುಂಗಿ ದಿಢೀರ್ ಅಂತ ನಿಲ್ಲಿಸಿದರೆ ಬಿಪಿ ಪಾತಾಳಕ್ಕೆ ಇಳಿಯಬಹುದು. ನಮಗೆ ಗೊತ್ತಿಲ್ಲದಿದ್ದರೆ ಕಾರಣ ಹುಡುಕುತ್ತಾ ಕೂರುತ್ತೇವೆ.

ಕನ್ನಡಕ, ಕಿವಿ ಮಿಷನ್, ಹಲ್ಲು ಸೆಟ್, ಊರುಗೋಲು, ಇವನ್ನು ಮರೆಯುವವರೇ ಜಾಸ್ತಿ. ಕಳೆದುಹೋಗುತ್ತದೆ ಅಂತ ಬೇಕೆಂತಲೇ ಬಿಟ್ಟು ಬರುವವರೂ ಇದ್ದಾರೆ. ಕಿವಿ ಕೇಳದ ತಾತನಿಗೆ ಡಾಕ್ಟರ್ ಮೂರು ಸಲ ಕೇಳುತ್ತಾರೆ, ತಾತ ಮೂರು ಸಲವೂ ಹ್ಞೂಂ ಅನ್ನುತ್ತಾರೆ. ಕೇಸ್ ಶೀಟಿನಲ್ಲಿ ಗೊಂದಲದಲ್ಲಿದ್ದಾರೆ ಅಂತ ದಾಖಲಾಗುತ್ತದೆ. ಕಿವಿ ತೊಂದರೆ ಇದ್ದೂ ಮಿಷನ್ ಮಾಡಿಸಿಲ್ಲ ಅಂದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಾವು ಇಲ್ಲೇ ಇದ್ದು ಹೋಗುವುದಿಲ್ಲ.

ಇನ್ನೊಂದು, ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪು ಮಾಡಿ ಬರೆದುಕೊಳ್ಳಿ. ಪಾರ್ಶ್ವವಾಯು ಆದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬಂದಿರಬೇಕು. ಆ ಲೆಕ್ಕ ನೀವು ನೋಡಿದ ಹೊತ್ತಿನಿಂದ ಶುರುವಾಗುವುದಿಲ್ಲ, ಅವರು ಸರಿಯಾಗಿದ್ದ ಕೊನೆಯ ಹೊತ್ತಿನಿಂದ ಶುರುವಾಗುತ್ತದೆ. ಬಾಯಿ ಸೊಟ್ಟಗಾದವರಿಗೆ ದಾರಿಯಲ್ಲಿ ನೀರು, ಕಾಫಿ ಏನೂ ಕುಡಿಸಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಬಾಗಿಲಲ್ಲಿ ಹೇಳುವ ಮೊದಲ ಮಾತು

"ಸುಸ್ತು ಸಾರ್." "ಊಟ ಸೇರ್ತಿಲ್ಲ." "ಗ್ಯಾಸು." ಹತ್ತರಲ್ಲಿ ಎಂಟು ಜನ ಹೇಳುವುದು ಇದನ್ನೇ. ಬಾಗಿಲಲ್ಲಿರುವ ನರ್ಸ್ ಯಾರಿಗೆ ಎಷ್ಟು ತುರ್ತು ಅಂತ ನೋಡಿ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುವಾಗ ಸುಸ್ತು ಅಂದವರು ಹಸಿರಿಗೆ ಹೋಗಿ ಬೆಂಚಿನ ಮೇಲೆ ಕಾಯುತ್ತಾರೆ. ಅದರ ಬದಲು ಹೀಗೆ ಹೇಳಿ ನೋಡಿ: "ಮೊನ್ನೆ ತನಕ ದೇವರಾಜ ಮಾರ್ಕೆಟ್ಟಿಗೆ ಒಬ್ಬರೇ ಹೋಗಿ ಹೂವು ತರ್ತಿದ್ರು, ನಿನ್ನೆ ಬೆಳಗ್ಗೆಯಿಂದ ಬಾತ್‌ರೂಮಿಗೂ ಏಳ್ತಿಲ್ಲ, ಮಧ್ಯಾಹ್ನದಿಂದ ನನ್ನ ಹೆಸರು ತಪ್ಪು ಹೇಳ್ತಿದ್ದಾರೆ." ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿಂದ. ಇದು ನಿಮಗೆ ಬಿಟ್ಟರೆ ಆ ಕಟ್ಟಡದಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಎಲ್ಲಾ ಟೆಸ್ಟಿಗಿಂತ ಇದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಯಾಕೆಂದರೆ ವಯಸ್ಸಾದವರಲ್ಲಿ ಕಾಯಿಲೆ ಪುಸ್ತಕದಲ್ಲಿರುವ ಥರ ಬರುವುದಿಲ್ಲ. ಹಾರ್ಟ್ ಅಟ್ಯಾಕ್ ಆಗಿರುತ್ತದೆ, ಎದೆನೋವೇ ಇರುವುದಿಲ್ಲ, ಬರೀ ಬೆವರು, ಉಬ್ಬಸ, ವಾಕರಿಕೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಇನ್ನೂ ಹೆಚ್ಚು. ನ್ಯುಮೋನಿಯಾ ಇರುತ್ತದೆ, ಜ್ವರ ಇರುವುದಿಲ್ಲ. ಹೊಟ್ಟೆಯೊಳಗೆ ಕರುಳು ತೂತಾಗಿದ್ದರೂ ಹೊಟ್ಟೆ ಮುಟ್ಟಿದರೆ ಅಷ್ಟೊಂದು ನೋವು ಅನ್ನುವುದಿಲ್ಲ. ಹಾಗಾಗಿ ಗ್ಯಾಸು ಅಂತ ನೀವೇ ತೀರ್ಮಾನ ಮಾಡಿಕೊಂಡು ಬರಬೇಡಿ. ಆದದ್ದನ್ನು ಹೇಳಿ, ಹೆಸರು ಡಾಕ್ಟರ್ ಇಡಲಿ. "ಒಂದು ಬಾಟ್ಲು ಗ್ಲೂಕೋಸ್ ಹಾಕಿ ಕಳಿಸಿಬಿಡಿ ಸಿಸ್ಟರ್" ಅನ್ನುವ ಮಾತಂತೂ ಬೇಡವೇ ಬೇಡ. ಹಾರ್ಟ್ ಪಂಪಿಂಗ್ ಕಮ್ಮಿ ಇರುವವರಿಗೆ ಸುಮ್ನೆ ಡ್ರಿಪ್ ಏರಿಸಿದರೆ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ.

ಕುಡಿತದ ವಿಷಯ. ಸೊಸೆಗೆ ಹೇಳಲು ಮುಜುಗರ, ಮಗನಿಗೆ ಮರ್ಯಾದೆ ಪ್ರಶ್ನೆ. ದಿನಾ ಸಂಜೆ ಒಂದು ಕ್ವಾರ್ಟರ್ ಹಾಕುತ್ತಿದ್ದ ಅಪ್ಪ ಆಸ್ಪತ್ರೆ ಸೇರಿದರೆ ಕುಡಿತ ದಿಢೀರ್ ನಿಲ್ಲುತ್ತದೆ. ಎರಡು ಮೂರು ದಿನದೊಳಗೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಮೊದಲೇ ಗೊತ್ತಿದ್ದರೆ ತಡೆಯಬಹುದು. ಬೇಕಿದ್ದರೆ ನರ್ಸನ್ನು ಪಕ್ಕಕ್ಕೆ ಕರೆದು ಹೇಳಿ. ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿಯ ವಿಷಯವೂ ಅಷ್ಟೇ. ನಾವು ಯಾರೂ ನ್ಯಾಯ ತೀರ್ಮಾನ ಮಾಡಲು ಕೂತಿಲ್ಲ.

ಯಾರ ಹತ್ತಿರ ಏನು ಕೇಳಬೇಕು

ಬಿಳಿ ಕೋಟು ಹಾಕಿದವರೆಲ್ಲ ದೊಡ್ಡ ಡಾಕ್ಟರಲ್ಲ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ಮೊದಲು ಬರುವವರು ಹೌಸ್ ಸರ್ಜನ್, ಅಂದರೆ ತರಬೇತಿಯಲ್ಲಿರುವ ಹೊಸ ಡಾಕ್ಟರ್, ಆಮೇಲೆ ಪಿಜಿ, ಅಂದರೆ ಮೇಲಿನ ಓದು ಓದುತ್ತಿರುವ ಡಾಕ್ಟರ್, ಆಮೇಲೆ ಅವರ ಮೇಲಿನವರು. ಒಂದೇ ಕಥೆಯನ್ನು ಮೂರು ಸಲ ಹೇಳಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳದೆ ಮೂರು ಸಲವೂ ಒಂದೇ ಥರ ಹೇಳಿ. ಮೂರನೇ ಸಲ ಬೇಸತ್ತು ಅರ್ಧಕ್ಕೆ ನಿಲ್ಲಿಸುತ್ತೀರಿ, ಅಲ್ಲೇ ಮುಖ್ಯವಾದದ್ದು ಬಿಟ್ಟುಹೋಗುತ್ತದೆ.

ನಿಮ್ಮ ಬೆಡ್ ನೋಡಿಕೊಳ್ಳುತ್ತಿರುವ ನರ್ಸ್ ಯಾರು, ಅವರ ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಕೇಳಿಕೊಳ್ಳಿ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಮಾಹಿತಿ ಕಳೆದುಹೋಗುವುದು ಜಾಸ್ತಿ. ಹೊಸಬರು ಬಂದ ಮೇಲೆ ಹೋಗಿ ಎರಡೇ ಮಾತಿನಲ್ಲಿ ಹೇಳಿ, "ಸಿಸ್ಟರ್, ನಮ್ಮಮ್ಮನಿಗೆ ಪೆನ್ಸಿಲಿನ್ ಆಗಲ್ಲ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ." ಯಾರೂ ಬೈಯುವುದಿಲ್ಲ. ಬೈದರೂ ಹೇಳಿ.

ಫಾರ್ಮಸಿಸ್ಟ್ ಅಂದರೆ ಕೌಂಟರಿನಲ್ಲಿ ಮಾತ್ರೆ ಎಣಿಸಿಕೊಡುವವರು ಮಾತ್ರ ಅಂದುಕೊಂಡಿದ್ದೇವೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಯವರು ವಾರ್ಡಿಗೇ ಬಂದು ಮಾತ್ರೆಗಳನ್ನು ತಾಳೆ ನೋಡುತ್ತಾರೆ. ಇದ್ದಾರಾ ಅಂತ ಕೇಳಿ. ಇದ್ದರೆ ನಿಮ್ಮ ಕವರ್ ಅವರ ಕೈಗೆ ಕೊಡಿ. ಫಿಸಿಯೋ ಬೆಳಗ್ಗೆ ಸಿಗುತ್ತಾರೆ. ವಾರ್ಡ್ ಬಾಯ್, ಆಯಾ ಇವರನ್ನು ತಂಡದಲ್ಲಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ ನಾವು. ಅಜ್ಜಿಯನ್ನು ಎತ್ತಿ, ಹೊರಳಿಸಿ, ಬಟ್ಟೆ ಬದಲಿಸುವವರು ಅವರೇ. ಬೆನ್ನಿನ ಮೇಲೆ ಕೆಂಪಾಗಿದೆ, ಬಲಗಾಲು ಮುಟ್ಟಿದರೆ ಕಿರುಚುತ್ತಾರೆ ಅನ್ನುವುದು ಮೊದಲು ಕಣ್ಣಿಗೆ ಬೀಳುವುದು ಅವರಿಗೆ. ಅವರು ಹೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸಿ.

ಖರ್ಚಿನ ವಿಷಯಕ್ಕೆ ಆರೋಗ್ಯಮಿತ್ರರ, ಅಂದರೆ ಸರ್ಕಾರಿ ಆರೋಗ್ಯ ಯೋಜನೆಗೆ ಸಹಾಯ ಮಾಡುವವರ, ಕೌಂಟರ್ ಇರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಎರಡರದ್ದೂ ಫೋಟೋ ಈಗಲೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಡ್ಮಿಟ್ ಆದ ದಿನವೇ ಅವರನ್ನು ನೋಡಿ. ಡಿಸ್ಚಾರ್ಜ್ ದಿನ ಹೋಗಿ ಕೇಳಿದರೆ ಅವರೂ ಕೈ ಚೆಲ್ಲುತ್ತಾರೆ.

ಬಡಬಡಿಸುತ್ತಿದ್ದಾರೆ ಅಂದರೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಕೈತಪ್ಪುವುದು ಇದೇ. ನಿನ್ನೆ ತನಕ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ, ಒಂದು ಗಂಟೆ ಬಿಟ್ಟು ಮತ್ತೆ ಸರಿ. ಮನೆಯವರು ಅರವತ್ತಕ್ಕೆ ಅರಳುಮರಳು ಅಂತ ನಕ್ಕು ಸುಮ್ಮನಾಗುತ್ತಾರೆ. ಹಾಗೆ ಬಿಡುವಂಥದ್ದಲ್ಲ ಇದು. ಒಂದೆರಡು ದಿನದಲ್ಲಿ ದಿಢೀರ್ ಅಂತ ಬಂದು, ಏರಿಳಿಯುತ್ತಿರುವ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಡೆಲಿರಿಯಂ ಹಾಗಲ್ಲ. ಅದರ ಹಿಂದೆ ಬಹುತೇಕ ಏನೋ ಒಂದು ಕಾರಣ ಅಡಗಿರುತ್ತದೆ: ಸೋಂಕು, ಸೋಡಿಯಂ ಇಳಿದಿದ್ದು, ಶುಗರ್, ಆಮ್ಲಜನಕ ಕಮ್ಮಿ ಆಗಿದ್ದು, ಮೂತ್ರ ಕಟ್ಟಿದ್ದು, ಮೂರು ನಾಲ್ಕು ದಿನದಿಂದ ಮಲ ಹೋಗದೇ ಇರುವುದು, ನೋವು, ಹೊಸ ಮಾತ್ರೆ.

ಗಲಾಟೆ ಮಾಡುವವರು ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಸುಮ್ಮನೆ ಮಂಪರಿನಲ್ಲಿ ಮಲಗಿಬಿಡುವವರು ಬೀಳುವುದಿಲ್ಲ. "ಪಾಪ, ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾರೆ" ಅಂತ ಬಿಟ್ಟರೆ ಕೈ ಮೀರಿರುತ್ತದೆ. ಎಬ್ಬಿಸಿ ನೋಡಿ. ಸರಿಯಾಗಿ ಎಚ್ಚರವಾಗದಿದ್ದರೆ ತಕ್ಷಣ ನರ್ಸಿಗೆ ಹೇಳಿ.

ಆಸ್ಪತ್ರೆಗಳಲ್ಲಿ 4ಎಟಿ ಅಂತ ಒಂದು ಪರೀಕ್ಷೆ ಇದೆ, ಎರಡು ನಿಮಿಷದ್ದು. ಎಚ್ಚರ ಹೇಗಿದೆ ನೋಡುತ್ತಾರೆ. ವಯಸ್ಸು, ಹುಟ್ಟಿದ ದಿನ, ಈಗ ಎಲ್ಲಿದ್ದೀರಿ, ಇದು ಯಾವ ವರ್ಷ ಅಂತ ಕೇಳುತ್ತಾರೆ. ತಿಂಗಳುಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರೆ. ದಿಢೀರ್ ಬದಲಾವಣೆ ಇದೆಯಾ ಅಂತ ಮನೆಯವರನ್ನು ಕೇಳುತ್ತಾರೆ. ನಾಲ್ಕು ಅಂಕ ಅಥವಾ ಜಾಸ್ತಿ ಬಂದರೆ ಡೆಲಿರಿಯಂ ಇರಬಹುದು ಅಂತ ಲೆಕ್ಕ. ನಮ್ಮ ಕಡೆಯ ಎಷ್ಟೋ ಅಜ್ಜಿಯರಿಗೆ ಹುಟ್ಟಿದ ದಿನವೇ ಗೊತ್ತಿಲ್ಲ, ಡಿಸೆಂಬರಿನಿಂದ ಹಿಂದಕ್ಕೆ ಹೇಳಿ ಅಂದರೆ ಆರೋಗ್ಯವಾಗಿದ್ದಾಗಲೂ ಹೇಳುತ್ತಿರಲಿಲ್ಲ. ಅಲ್ಲಿ ನೀವು ಬಾಯಿ ಹಾಕಿ. "ಅವರಿಗೆ ಓದು ಬರಲ್ಲ, ಆದ್ರೆ ವಾರದ ಹೆಸರು ಹಿಂದುಮುಂದಾಗಿ ಹೇಳ್ತಿದ್ರು, ಸಂತೆ ಲೆಕ್ಕ ಬಾಯಲ್ಲೇ ಹಾಕ್ತಿದ್ರು, ಈಗ ಆಗ್ತಿಲ್ಲ." ಡಾಕ್ಟರಿಗೆ ಬೇಕಾಗಿರುವುದು ಅದೇ. "ಇದು ಡೆಲಿರಿಯಂ ಇರಬಹುದಾ, ಕಾರಣ ಏನಿರಬಹುದು?" ಅಂತ ನೇರವಾಗಿ ಕೇಳಿ. ಈ ಒಂದು ಪ್ರಶ್ನೆಗೆ ಸೋಡಿಯಂ, ಯೂರಿನ್, ಎಕ್ಸ್‌ರೇ ಎಲ್ಲದರ ಕಡೆಗೂ ಗಮನ ಹೋಗುತ್ತದೆ.

ಔಷಧಿಗಿಂತ ಜೊತೆಗಿರುವವರಿಂದಲೇ ಆಗುವ ಕೆಲಸವೂ ಇದೆ ಇದರಲ್ಲಿ. ಕನ್ನಡಕ ಹಾಕಿಸಿ, ಕಿವಿ ಮಿಷನ್ ಹಾಕಿಸಿ. ಇದು ಆಸ್ಪತ್ರೆ, ನಾನು ನಿಮ್ಮ ಮೊಮ್ಮಗಳು, ಈಗ ರಾತ್ರಿ ಅಂತ ಆಗಾಗ ಹೇಳುತ್ತಿರಿ. ವಾದಕ್ಕೆ ಇಳಿಯಬೇಡಿ, ಅಣ್ಣ ಸತ್ತು ಹತ್ತು ವರ್ಷ ಆಯ್ತು ಅಂತ ಪದೇ ಪದೇ ತಿದ್ದಿದರೆ ಗಲಾಟೆ ಹೆಚ್ಚುತ್ತದೆ. ಕೈ ಕಟ್ಟಿ ಹಾಕುವ ಮೊದಲು "ನಾನೇ ಕೈ ಹಿಡಿದು ಕೂರ್ತೀನಿ, ಕಟ್ಟಬೇಡಿ" ಅಂತ ಕೇಳಿಕೊಳ್ಳಿ. ಕಟ್ಟಿದರೆ ಅವರು ಇನ್ನೂ ಹೆದರಿ ಕೊಸರಾಡುತ್ತಾರೆ.

ಮಾತ್ರೆಗಳ ಕವರ್

ಡಾಕ್ಟರಿಗೋ ಫಾರ್ಮಸಿಸ್ಟಿಗೋ ಕವರ್ ಕೊಟ್ಟು ಕೇಳಬೇಕಾದ ಪ್ರಶ್ನೆ ಒಂದೇ: "ಇವತ್ತಿನ ತೊಂದರೆಗೆ ಇದರಲ್ಲಿ ಯಾವುದಾದರೂ ಕಾರಣ ಇರಬಹುದಾ?"

ಶುಗರ್ ಮಾತ್ರೆ ನೋಡಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ ಏಕಾದಶಿ ಉಪವಾಸ ಮಾಡಿದರೆ, ಇಲ್ಲಾ ಕಿಡ್ನಿ ಸ್ವಲ್ಪ ಕಮ್ಮಿ ಕೆಲಸ ಮಾಡುತ್ತಿದ್ದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯುತ್ತದೆ. ಗ್ಲೂಕೋಸ್ ಕೊಟ್ಟ ತಕ್ಷಣ ಎದ್ದು ಕೂತು ಕಾಫಿ ಕೇಳುತ್ತಾರೆ, ಮನೆಯವರು ಹೊರಟುಬಿಡುತ್ತಾರೆ. ಈ ಮಾತ್ರೆಗಳು ಮೈಯಲ್ಲಿ ತುಂಬಾ ಹೊತ್ತು ಕೆಲಸ ಮಾಡುತ್ತವೆ, ನಾಲ್ಕೈದು ಗಂಟೆ ಬಿಟ್ಟು ಮತ್ತೆ ಶುಗರ್ ಇಳಿಯಬಹುದು, ಅಷ್ಟರಲ್ಲಿ ನೀವು ಕೆ.ಆರ್. ಪೇಟೆ ತಲುಪಿರುತ್ತೀರಿ. ಇರಿ ಅಂದರೆ ಇದ್ದು ಹೋಗಿ.

ಬಿಪಿಗೆ ಕೊಡುವ ನೀರಿನ ಮಾತ್ರೆಗಳಲ್ಲಿ, ಅಂದರೆ ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಮಾತ್ರೆಗಳಲ್ಲಿ, ಕೆಲವು ಸೋಡಿಯಂ ಇಳಿಸುತ್ತವೆ. ಸೋಡಿಯಂ ಇಳಿದರೆ ಮಂಕು, ತೂರಾಟ, ಬೀಳುವುದು. ಮಂಡಿನೋವಿನ ಡೈಕ್ಲೋಫೆನಾಕ್ ಥರದ ಮಾತ್ರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು ಕೊಡುತ್ತದೆ, ಮಲ ಟಾರಿನ ಹಾಗೆ ಕಪ್ಪಗಾಗಿದ್ದರೆ ಅದನ್ನು ಬಾಗಿಲಲ್ಲೇ ಹೇಳಿ. ಇನ್ನು ಅವಿಲ್, ಫೆನರ್ಗಾನ್. ತುರಿಕೆಗೆ, ಶೀತಕ್ಕೆ, ನಿದ್ದೆ ಬರಲಿ ಅಂತ ಎಲ್ಲದಕ್ಕೂ ಸಲೀಸಾಗಿ ಚುಚ್ಚುವ ಇಂಜೆಕ್ಷನ್‌ಗಳಿವು. ವಯಸ್ಸಾದವರಲ್ಲಿ ಬಾಯಿ ಒಣಗಿಸಿ, ಮೂತ್ರ ಕಟ್ಟಿಸಿ, ಗೊಂದಲ ಹೆಚ್ಚಿಸುತ್ತವೆ. ವಯಸ್ಸಾದವರಿಗೆ ಆದಷ್ಟು ತಪ್ಪಿಸಬೇಕಾದ ಔಷಧಿಗಳ ಒಂದು ಪಟ್ಟಿಯೇ ಇದೆ. ಬಿಯರ್ಸ್ ಪಟ್ಟಿ ಅನ್ನುತ್ತಾರೆ, 1991ರಲ್ಲಿ ಶುರುವಾಗಿದ್ದು 2023ರಲ್ಲಿ ಹೊಸದಾಗಿ ಪರಿಷ್ಕರಣೆ ಆಗಿದೆ. ಈ ಎರಡರ ಜಾತಿಯ ಔಷಧಿಯೂ, ಗ್ಲಿಬೆನ್‌ಕ್ಲಮೈಡ್ ಕೂಡ ಅದರಲ್ಲಿವೆ. ಇದನ್ನು ಓದಿ ನೀವೇ ಮನೆಯಲ್ಲಿ ಮಾತ್ರೆ ನಿಲ್ಲಿಸಬೇಡಿ ಮತ್ತೆ. ಕೇಳಿ ನಿಲ್ಲಿಸಿ.

ಟ್ರಾಲಿ ಮೇಲೆ ಕಳೆಯುವ ಗಂಟೆಗಳು

ಬೆಡ್ ಸಿಗುವ ತನಕ ಟ್ರಾಲಿಯಲ್ಲೇ. ಅದರ ಹಾಸು ತೆಳ್ಳಗಿರುತ್ತದೆ. ವಯಸ್ಸಾದವರ ಚರ್ಮಕ್ಕೆ ಕೆಲವೇ ಗಂಟೆಗಳಲ್ಲಿ ಗಾಯ ಶುರುವಾಗಬಹುದು, ಅದರಲ್ಲೂ ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಕುತ್ತಿಗೆಗೆ ಏಟಾಗಿದ್ದರೆ ಮಾತ್ರ ಕೇಳದೆ ಹೊರಳಿಸಬೇಡಿ.

ಊಟ ಕೊಡಬಹುದಾ ಅಂತ ಕೇಳಿ. ಉಪವಾಸ ಇರಿ ಅಂದರೆ ಎಲ್ಲಿಯವರೆಗೆ ಅಂತ ಕೇಳಿ. ಆಪರೇಷನ್ ಇರಬಹುದು ಅಂತ ಬೆಳಗ್ಗೆ ಹೇಳಿ, ಆಮೇಲೆ ಇಲ್ಲ ಅಂತ ತೀರ್ಮಾನವಾಗಿ, ಅದನ್ನು ಯಾರೂ ಹೇಳದೆ ಸಂಜೆ ತನಕ ಹೊಟ್ಟೆ ಸುಟ್ಟುಕೊಂಡು ಮಲಗಿದ್ದ ಅಜ್ಜಂದಿರಿದ್ದಾರೆ. ಬೆಳಗ್ಗೆ ಇನ್ಸುಲಿನ್ ಆಗಿದೆ ಅನ್ನುವುದನ್ನು ಉಪವಾಸ ಅಂದವರಿಗೆ ಹೇಳಲೇಬೇಕು.

ಯೂರಿನ್ ಪೈಪ್ ಹಾಕುತ್ತೇವೆ ಅಂದಾಗ ಯಾಕೆ ಅಂತ ಕೇಳುವುದು ತಪ್ಪಲ್ಲ. ಮೂತ್ರ ಕಟ್ಟಿದ್ದರೆ, ಗಂಟೆಗಂಟೆಗೆ ಅಳತೆ ಬೇಕಿದ್ದರೆ ಹಾಕಲೇಬೇಕು. ಕರೆದುಕೊಂಡು ಹೋಗುವ ರಗಳೆ ತಪ್ಪಲಿ ಅಂತ ಮಾತ್ರ ಹಾಕುವುದಾದರೆ ಬೇಡ, ಸೋಂಕಿಗೆ ದಾರಿ. ನೀವೇ ಬೆಡ್‌ಪ್ಯಾನ್ ಕೊಡುತ್ತೀನಿ ಅಂದರೆ ನರ್ಸೂ ಒಪ್ಪುತ್ತಾರೆ. ನೋವನ್ನು ತಡೆದುಕೊಳ್ಳುವುದು ನಮ್ಮ ಹಿರಿಯರಿಗೆ ಅಭ್ಯಾಸ. ನೋವಿದೆಯಾ ಅಂದರೆ ಇಲ್ಲ ಅನ್ನುತ್ತಾರೆ, ಕಾಲು ಸರಿಸಿದರೆ ಮುಖ ಕಿವುಚುತ್ತಾರೆ. ಮುಖ ನೋಡಿ ಹೇಳಿ. ಸೊಂಟದ ಮೂಳೆ ಮುರಿದಿದ್ದರೆ ತೊಡೆಯ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ವಿಧಾನ ಇದೆ, ನಿಮ್ಮಲ್ಲಿ ಮಾಡುತ್ತೀರಾ ಅಂತ ಕೇಳಿ. ಆಪರೇಷನ್ ಕೂಡ ಬೇರೆ ಅಡ್ಡಿ ಇಲ್ಲದಿದ್ದರೆ 48 ಗಂಟೆಯೊಳಗೆ ಆದರೆ ಒಳ್ಳೆಯದು. ಒಳ್ಳೇ ದಿನ ನೋಡಿ ಮಾಡಿಸೋಣ ಅಂತ ಕಾಯಬೇಡಿ.

ಒಬ್ಬರೇ ಮಾತಾಡಿ

ನಮ್ಮ ಜನರಿಗೆ ಒಂದು ಮಾತು. ಆಸ್ಪತ್ರೆಗೆ ಎಂಟು ಜನ ಬರುತ್ತೀರಿ, ಎಂಟು ಜನವೂ ಡಾಕ್ಟರನ್ನು ಕೇಳುತ್ತೀರಿ, ಬೆಂಗಳೂರಿನ ಮಗಳು ಫೋನಿನಲ್ಲಿ, ಅಮೆರಿಕದ ಮಗ ವಾಟ್ಸಾಪಿನಲ್ಲಿ. ರಿಪೋರ್ಟ್ ಫೋಟೋ ಹಾಕಿದ ಕೂಡಲೇ ಅಲ್ಲಿಂದ ಬೇರೆ ಅಭಿಪ್ರಾಯ ಬರುತ್ತದೆ, ಇಲ್ಲಿ ಸಹಿ ಹಾಕುವವರು ಯಾರೂ ಇಲ್ಲ. ಒಬ್ಬರನ್ನು ಆರಿಸಿಕೊಳ್ಳಿ. ದಿನಾ ಜೊತೆಗಿದ್ದು ನೋಡಿಕೊಳ್ಳುವವರೇ ಆಗಲಿ, ಹೆಚ್ಚಾಗಿ ಅದು ಸೊಸೆ, ಆದರೆ ಮಾತಾಡಲು ಮುಂದೆ ಬರುವುದು ದೊಡ್ಡ ಮಗ. ಮಾತ್ರೆ ಯಾವುದು ಅಂದರೆ ಅವರು ಹಿಂದೆ ತಿರುಗಿ ಹೆಂಡತಿ ಮುಖ ನೋಡುತ್ತಾರೆ!

ಹಿರಿಯರನ್ನೂ ಕೇಳಿ. ಅವರ ತಲೆ ಮೇಲೆಯೇ ಮಾತಾಡಿಕೊಂಡು ತೀರ್ಮಾನ ಮಾಡುತ್ತೇವೆ, ಅವರಿಗೇನು ಬೇಕು ಅಂತ ಕೇಳುವುದೇ ಇಲ್ಲ. ವೆಂಟಿಲೇಟರ್, ಐಸಿಯು ಬೇಡ ಅಂತ ಮೊದಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅವಕಾಶ ಕೊಟ್ಟಿತು, 2023ರಲ್ಲಿ ವಿಧಾನ ಸುಲಭ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಜಾರಿಗೆ ಆದೇಶ ಹೊರಡಿಸಿತು. ಈ ಮಾತನ್ನು ಆರೋಗ್ಯವಾಗಿರುವಾಗ ಮನೆಯಲ್ಲಿ ಆಡುವುದು ಸುಲಭ.

ನರ್ಸ್ ಅಥವಾ ಸೋಷಿಯಲ್ ವರ್ಕರ್ ನಿಮ್ಮನ್ನು ಹೊರಗೆ ಕಳಿಸಿ ಅವರನ್ನು ಒಂಟಿಯಾಗಿ ಮಾತಾಡಿಸಿದರೆ ಸಿಟ್ಟಾಗಬೇಡಿ. ಮನೆಯಲ್ಲಿ ಊಟ ಹಾಕುತ್ತಾರಾ, ಹೊಡೆಯುತ್ತಾರಾ, ಪಿಂಚಣಿ ದುಡ್ಡು ಕಿತ್ತುಕೊಳ್ಳುತ್ತಾರಾ ಅಂತ ಕೇಳುವುದು ನಮ್ಮ ಕೆಲಸ. ಎಲ್ಲರನ್ನೂ ಕೇಳಬೇಕು, ನಿಮ್ಮ ಮೇಲೆ ಅನುಮಾನ ಅಂತ ಅಲ್ಲ. ಅಂಥ ತೊಂದರೆಯಲ್ಲಿರುವ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.

ಮಂಡ್ಯದಿಂದ ಮೈಸೂರಿಗೆ ಕಳಿಸಿದರೆ

ನಾಗಮಂಗಲ, ಮಳವಳ್ಳಿಯಿಂದ ಮಂಡ್ಯಕ್ಕೆ, ಮಂಡ್ಯದಿಂದ ಮೈಸೂರಿಗೆ ರೆಫರ್ ಆಗುವುದು ದಿನಾ ನಡೆಯುವ ಕಥೆ. ಚೀಟಿಯಲ್ಲಿ ಮೂರು ವಿಷಯ ಇದೆಯಾ ನೋಡಿ: ಏನೇನು ಔಷಧಿ ಕೊಟ್ಟರು ಮತ್ತು ಎಷ್ಟು ಗಂಟೆಗೆ, ಯಾವ ಟೆಸ್ಟ್ ಏನು ಬಂತು, ಯಾಕೆ ಕಳಿಸುತ್ತಿದ್ದಾರೆ. ಇಸಿಜಿ ಕಾಗದ, ಸ್ಕ್ಯಾನ್ ಸಿಡಿ ಕೇಳಿ ತಗೊಳ್ಳಿ. ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಇದೆಯಾ ಅಂತ ಕೇಳಿ ಅಂತ ಅವರನ್ನೇ ಒತ್ತಾಯಿಸಿ. ಇಲ್ಲದಿದ್ದರೆ ಊರೆಲ್ಲಾ ಸುತ್ತಬೇಕಾಗುತ್ತದೆ.

ಮನೆಗೆ ಹೋಗಿ ಅಂದಾಗ

ಖುಷಿಯಲ್ಲಿ ಎದ್ದು ಓಡಬೇಡಿ. ಮೊದಲು ಅವರನ್ನು ನಡೆಸಿ ನೋಡಲಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಅರ್ಥ. ಮಲಗಿದ್ದಾಗ ಒಂದು ಸಲ, ನಿಂತ ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ನೋಡಿಸಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಯನ್ನು ಮತ್ತೆ ನೋಡಬೇಕು. ಬಂದಾಗ ನಡೆಯುತ್ತಿದ್ದವರು ಈಗ ನಡೆಯುತ್ತಿಲ್ಲ ಅಂದರೆ ಮನೆಗೆ ಹೋಗುವ ಸ್ಥಿತಿಯಲ್ಲಿಲ್ಲ ಅಂತ ಗಟ್ಟಿಯಾಗಿ ಹೇಳಿ.

ಚೀಟಿಯಲ್ಲಿರುವ ಮಾತ್ರೆಗಳನ್ನು ಹಳೇ ಕವರಿನ ಪಕ್ಕ ಇಟ್ಟು ಯಾವುದು ನಿಲ್ಲಬೇಕು, ಯಾವುದು ಹೊಸದು, ಯಾವುದರ ಡೋಸ್ ಬದಲಾಗಿದೆ ಅಂತ ಕೇಳಿ. ಕೇಳಿದ್ದನ್ನು ನೀವೇ ತಿರುಗಿ ಹೇಳಿ, ಸರಿಯಾ ಅಂತ ಅವರು ನೋಡಲಿ. ಎರಡು ಕಂಪನಿಯ ಹೆಸರಿನಲ್ಲಿ ಒಂದೇ ಮಾತ್ರೆಯನ್ನು ಎರಡು ಸಲ ನುಂಗಿ ವಾಪಸ್ ಬರುವವರು ಬಹಳ. ಮತ್ತೆ ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಯಾವ ಡಾಕ್ಟರನ್ನು ಯಾವತ್ತು ನೋಡಬೇಕು ಅನ್ನುವುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.

ಮನೆಗೆ ಬಂದ ದಿನವೇ ಬಚ್ಚಲ ಬಾಗಿಲ ಗೋಣಿಚೀಲ, ಮಡಚಿಕೊಳ್ಳುವ ಮ್ಯಾಟ್ ತೆಗೆಯಿರಿ. ರಾತ್ರಿ ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯಲಿ. ಕೂತು ಏಳುವುದು ಕಷ್ಟವಾದರೆ ಕಮೋಡ್ ಕುರ್ಚಿ ತನ್ನಿ, ಗೋಡೆಗೆ ಹಿಡಿ ಹಾಕಿಸಿ, ಹೊಸ್ತಿಲು ಎತ್ತರವಿದ್ದರೆ ಅದರ ಪಕ್ಕಕ್ಕೂ ಒಂದು. ಮಾರನೆಯ ದಿನ ಮೂರು ವಿಷಯ ನೋಡಿ: ತಿನ್ನುತ್ತಿದ್ದಾರಾ, ನಡೆಯುತ್ತಿದ್ದಾರಾ, ಮಾತು ಸರಿ ಇದೆಯಾ. ಒಂದು ಕೆಟ್ಟರೂ ಡಿಸ್ಚಾರ್ಜ್ ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ, ಫಾಲೋ ಅಪ್ ದಿನ ಬರಲಿ ಅಂತ ಕಾಯಬೇಡಿ.

ನೀವೂ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಾದರೆ

ಹೊಸ ಹುದ್ದೆ ಬರುವ ತನಕ ಕಾಯಬೇಕಿಲ್ಲ. ಎಪ್ಪತ್ತು ದಾಟಿದವರ ಕೇಸ್ ಶೀಟಿನ ಮೇಲೆ ಒಂದು ಬಣ್ಣದ ಚೀಟಿ ಅಂಟಿಸಿ. ಅದರಲ್ಲಿ ನಾಲ್ಕೇ ಸಾಲು: ಅವರಿಗೆ ಮುಖ್ಯ ಏನು, ಮಾತ್ರೆ ತಾಳೆ ನೋಡಿದ್ದೀರಾ, ಗೊಂದಲ ಇದೆಯಾ, ನಡೆಯುತ್ತಾರಾ. ಯಾವ ಸಾಲನ್ನು ಯಾರು ತುಂಬಿದರು ಅಂತ ಸಹಿ ಇರಲಿ. ಡ್ಯೂಟಿ ಬದಲಾಗುವಾಗ ಐದು ನಿಮಿಷ ಡಾಕ್ಟರ್, ನರ್ಸ್, ಆಯಾ ಎಲ್ಲ ಆ ಚೀಟಿ ಇರುವ ಬೆಡ್‌ಗಳ ಮುಂದೆ ನಿಂತು ಮಾತಾಡಿಕೊಳ್ಳಿ. ಖಾಲಿ ಉಳಿದ ಸಾಲು ಮುಂದಿನ ಪಾಳಿಯವರ ಮೊದಲ ಕೆಲಸ.